ಯೇ… ಭಾಳಾ

ಬಾವಿ ದಾಟೂ ಮುಂದ ಅಕಿ ಓಢಣಿಯಿಂದ ಮೂಗು ಮುಚ್ಚಿಕೊಂಡ್ಲು. ಬಾಯಿ ಮುಚ್ಚಿಕೊಂಡಿದ್ರ ಛಲೋ ಇತ್ತು.

ತಡೀರಿ, ಮೊದಲಿಂದ ಹೇಳ್ತೀನಿ. ಸ್ಪಂದನಾ, ಆ ಹಾಲಿನ ಪಾತೇಲಿ ಮ್ಯಾಲ ತಾಟು ಮುಚ್ಚವಾ. ಸೀಗಿ ಹುಣ್ಣಿವಿ ದಿನಾ ಹಾಲಾಗ ಚಂದ್ರ ಬೀಳಬೇಕು ಅಂತ ತೆರದಿಡ್ತಾರ, ಖರೆ. ಆದರ ಚಂದ್ರನಕಿಂತ ಮೊದಲ ಹುಳಾ ಬೀಳ್ತಾವ. ಹುಳಾ ಬಿದ್ದ ಹಾಲು ನಾ ಅಂತೂ ಕುಡಿಯೂದಿಲ್ಲ. ಹಾಂ, ಈಗ ಸಮೀಪ ಬರ್ರಿ. ಜೋರಾಗಿ ಹೇಳೂ ಮಾತಲ್ಲ ಇದು… ಭಾಮಾನ ಮನಿ ಕಿಡಕಿ ಈ ಟೆರೇಸಿನ ಕೆಳಗನ ಅದ.

ಆಗಳೆ ನೀ ಅಂದೆಲ್ಲಾ, "ಭಾಮಾ ಆಂಟಿ ಧಾರವಾಡದವರಾದ್ರೂ ನಮ್ ಥರಾನೇ 'ತುಂಬಾ' ಅಂತಾರೆ, ಎಷ್ಟು ಕ್ಯೂಟ್" ಅಂತ. ಕ್ಯೂಟ್ ಅಲ್ಲವಾ ಅದು. ಭಾಮಾ ನನ್ನ ಕಾಕಾನ ಮಗಳು. ಒಂದ ಓಣ್ಯಾಗ ಬೆಳದೀವಿ, ಈಗ ಪುಣೆ ಕೋಥರೂಡದಾಗ ಒಂದ ಸೊಸಾಯಟಿಯೊಳಗ ಇದ್ದೀವಿ. ಮೂರು ವರ್ಷದ ಹಿಂದಿನ ತನಕಾ ಅಕಿ ಬಾಯಾಗ "ಭಾಳ" ಇಲ್ಲದ ಒಂದು ಮಾತು ಹೊರಗ ಬರ್ತಿದ್ದಿಲ್ಲ. ಅದರಾಗೂ ಹೇಸಿಗಿ ಬಂತಂದ್ರ ಒಂದು ರಾಗಾನ ಎಳೀತಿದ್ಲು… "ಯೇ… ಭಾಳಾ ಹೊಲಸ!" ಬಸ್ಸಿನ ಸೀಟು ನೋಡಿದ್ರ, ಯೇ ಭಾಳಾ ಹೊಲಸ. ಭೇಳ ಮಾಡಾವನ ಉಗುರು ನೋಡಿದ್ರ, ಯೇ ಭಾಳಾ ಹೊಲಸ. ತನ್ನ ಮಗಳು ಸಾಯಲಿ ಬಿಟ್ಟ ಎರಡು ತುತ್ತು ಅನ್ನಾ ಎಂದೂ ಬಾಯಾಗ ಹಾಕ್ಕೊಂಡಾಕಿ ಅಲ್ಲ. ಕೂಸಿನ ಬಾಯಿ ಒರಸೂದೂ ಟಿಶ್ಶೂದಿಂದ, ಎರಡು ಬೆರಳಿನ ತುದೀಲೆ. "ಹೆತ್ತ ಮಗಳಿಗೇ ಹೇಸ್ತೀ ಅಲ್ಲ, ನಾಚಿಕಿ ಬರೂದಿಲ್ಲೇನು?" ಅಂತ ನಾ ಬೈತಿದ್ದೆ. ನಕ್ಕೋತ ಹೋಗ್ತಿದ್ಲು.

ಆ ವರ್ಷ ದೀಪಾವಳಿ ಸೂಟಿ. ಸಾಯಲಿಗೆ ಐದು ತುಂಬಿತ್ತು. ಭಾಮಾನ ಗಂಡ ಪ್ರಲ್ಹಾದ ಮೊಬೈಲಿನ್ಯಾಗ ಫೋಟೋ ನೋಡಿ ಮರುಳಾದಾ. ಗುಡ್ಡಾ, ಮಂಜು, ಜೋಕಾಲಿ, ಹುಲ್ಲಿನ ತುಂಬ ಹಳದಿ ಹೂವು. ಮುಳಶಿ ಡ್ಯಾಮು ದಾಟಿ ಘಾಟಿನ ಮ್ಯಾಲ ಒಂದು ಹೋಮ್‌ಸ್ಟೇ. ಊರ ಹೆಸರು ನಾ ಹೇಳೂದಿಲ್ಲ. ಹೇಳಿದ್ರ ನೀವು ಶನಿವಾರ ಗಾಡಿ ತಗೊಂಡು ಹೊರಡೋವ್ರ.

ಹೋಗಿ ನೋಡಿದ್ರ… ಏನ ಹೇಳ್ಲಿ. ಗಾದಿ ಹಸಿ. ತಲಿದಿಂಬಿನ ಮ್ಯಾಲ ಯಾರದೋ ತಲೀ ಎಣ್ಣಿ ಕಲಿ. ಬಚ್ಚಲದ ಜಾಳಿಗ್ಯಾಗ ಕೂದಲಿನ ಉಂಡಿ, ಸಾಬಾಣದ ಮ್ಯಾಲ ಹಲ್ಲಿ ಹಿಕ್ಕಿ. ಮಾಲಕ ಭುಜಂಗ ಅನ್ನಾಂವ, "ನೇಚರ್ ಆಹೇ ನಾ ಮ್ಯಾಡಮ್" ಅಂತ ಹಲ್ಲು ಕಿಸಿದ್ನಂತ. ನೇಚರ್ ಅಂತ! ನಾ ಇದ್ದಿದ್ರ ಆ ಸಾಬಾಣದಿಂದ ಅವನ ಬಾಯಿ ತೊಳೀತಿದ್ದೆ. ಅವನ ಹೆಂಡತಿ ಸಾವಿತ್ರಿಬಾಯಿ ಮಾತ್ರ ಸುಮ್ಮನ ಬಂದು ಚಾದರ ಬದಲಿ ಮಾಡಿಕೊಟ್ಲು.

ಮೊದಲನೇ ದಿನಾ ಸಂಜೀಕ ಸೂರ್ಯಾಸ್ತ ನೋಡ್ಲಿಕ್ಕೆ ಹೋದ್ರು. ಹೊಳ್ಳಿ ಬರೂದ್ರಾಗ ಪೂರಾ ಕತ್ತಲಿ. ಹಾದ್ಯಾಗ ಒಂದು ದೊಡ್ಡ ಆಲದ ಗಿಡ, ಅದರ ಬುಡಕ್ಕ ಮೆಟ್ಟಲದ ಬಾವಿ. ಒಂದು ಕಾಲಕ್ಕ ಊರೆಲ್ಲಾ ಅದರ ನೀರು ಕುಡೀತಿತ್ತಂತ. ಈಗ? ಕಾರಿನ್ಯಾಗ ಬಂದ ಮಂದಿ ಅದರಾಗ ಬಾಟಲಿ ಒಗದಾರ, ಕೋಳಿ ಎಲುಬು ಒಗದಾರ, ಕೂಸಿನ ಡಯಪರ್ ಒಗದಾರ. ಹಸರ ನೀರು, ಅದರ ಮ್ಯಾಲ ಕೆನಿ. ಓದಿದ ಮಂದಿ ನೋಡ್ರಿ ಇವ್ರು! ಥೂ.

ಪ್ರಲ್ಹಾದ ಮುಂದ, ಕೈಯಾಗ ಮೊಬೈಲ್ ಬೆಳಕು. ಸಾಯಲಿಗೆ ಅವನ ಹೆಗಲ ಮ್ಯಾಲ ನಿದ್ದಿ ಹತ್ತಿತ್ತು. ಭಾಮಾ ಹಿಂದ. ಬಾವಿ ಹತ್ರ ಬಂದ ಕೂಡ್ಲೆ ನಾತ ಬಂತು… ಬರೇ ಕೊಳತ ನಾತ ಅಲ್ಲಂತ. ಕೀವಿನ ನಾತ. ಮಾಗದ ಗಾಯದ್ದು. ಭಾಮಾ ಓಢಣಿ ಮೂಗಿಗೆ ಒತ್ತಿಕೊಂಡು, ತನ್ನ ರಾಗಾ ಎಳದ್ಲು.

"ಯೇ… ಭಾಳಾ…"

ಅಷ್ಟರಾಗ ಓಕರಿಕಿ ಬಂತು. "ಹೊಲಸ" ಅನ್ನೂ ಮಾತು ಗಂಟಲದಾಗ ಉಳೀತು.

ಬಾವ್ಯಾಗ ಕಪ್ಪಿ ಒದರ್ತಿದ್ವು. ಎಲ್ಲಾ ಒಮ್ಮೆಲೆ ಸುಮ್ಮನಾದ್ವು. ಆಮ್ಯಾಲೆ… ಬುಡುಕ್. ಒಂದ ಸಲ.

ಅಕಿ ಬರಾಬರಾ ಹೆಜ್ಜಿ ಹಾಕಿದ್ಲು. ಹಿಂದಿಂದ ಪಚ್… ಪಚ್… ಪಚ್… ಹಸಿ ಹಿಟ್ಟಿನ ಮ್ಯಾಲ ಅಂಗೈ ಬಡದಂಗ. ಇಕಿ ನಿಂತ್ಲು. ಅದು ಒಂದ ಪಚ್ ಜಾಸ್ತಿ ಅಂದು ನಿಂತಿತು.

"ಪ್ರಲ್ಹಾದ…"

"ಹ್ಞೂಂ."

"ನನ್ನ ಹಿಂದ ಯಾರರ ಇದ್ದಾರೇನು ನೋಡು."

"ನೀನ ನೋಡು."

"ನಾ ನೋಡೂದಿಲ್ಲ."

ಅಂವನೂ ನೋಡ್ಲಿಲ್ಲ. ಬೆಳಕು ಮುಂದ ಹಿಡದು ಸರಾಸರಾ ನಡದಾ. ಪಚ್ ಪಚ್ ಅನ್ನೂದು ಖೋಲಿ ಬಾಗಲತನಕಾ ಬಂತು.

ಮುಂಜಾನೆ ನೋಡಿದ್ರ ಗಾದಿ ತೊಯ್ದಿತ್ತು. ತಾಯಿ-ಮಗಳ ನಡುವ, ಒಂದು ಮೊಳದಷ್ಟು ಜಾಗಾ. ಅದ ನಾತ. ಭಾಮಾ ಹುಡುಗಿ ಮ್ಯಾಲ ಹಾರಿದ್ಲು, "ಐದು ವರ್ಷದ ಕೋಣ, ಹಾಸಿಗ್ಯಾಗ ಮಾಡ್ಕೋತೀ?" ಅಂತ. ಸಾಯಲಿ ಅಳಲಿಲ್ಲ.

"ನಾ ಅಲ್ಲ ಆಯಿ. ಅದು."

"ಯಾವುದು?"

ಸಾಯಲಿ ಎದ್ದು ಹೊರಗ ಹೋತು. ನಾಷ್ಟಾಕ್ಕ ಅವಲಕ್ಕಿ ಕೊಟ್ರ ಮೊದಲನೇ ತುತ್ತು ತಾಟಿನ್ಯಾಗ ಉಗಳಿತು. ಭಾಕರಿ ಕೊಟ್ರ ಉಗಳಿತು. ಹಾಲು, ಬಿಸ್ಕೀಟ, ಕಡೀಕ ನೀರು… ಎಲ್ಲಾ ಕೊಳತದಾವಂತ. ಮಧ್ಯಾಹ್ನದಾಗ ಮೈ ಬಿಸಿ ಆತು, ತುಟಿ ಒಣಗಿದ್ವು. ಭಾಮಾ ಮತ್ತ ಮತ್ತ ಕೇಳಿದ್ಲು, ಯಾಕವಾ, ಏನಾತು ಅಂತ. ಆಗ ಹುಡುಗಿ ಕಿವಿ ಹತ್ರ ಬಂದು ಪಿಸುಗುಟ್ಟಿತು.

"ನನ್ನ ತಾಟಿನ್ಯಾಗ ಕೈ ಹಾಕ್ತದ. ಕೈ ತುಂಬ ಹುಣ್ಣು ಅದಾವ."

"ಯಾರು?"

"ನಿನಗ ಆಯಿ ಅಂತದ ಅದು. ನೀನ ಕರದಿ ಅಂತ ಬಂದದಂತ."

"ನಾ ಯಾರನ್ನೂ ಕರದಿಲ್ಲ!"

"ಕರದಿ. 'ಯೇ ಬಾಳಾ' ಅಂದಿ."

ಸ್ವಲ್ಪ ಹೊತ್ತು ಬಿಟ್ಟು ಹುಡುಗಿ ಕೇಳಿತಂತ, "ನನಗ ಎಂದೂ ಯಾಕ ಹಂಗ ಕರ್ಯೂದಿಲ್ಲ?"

ಏನ ಮಾರಿ ನೋಡ್ತೀ ಸ್ಪಂದನಾ? ಪುಣೆಗೆ ಬಂದು ಎರಡು ವರ್ಷಾತು, ಇಷ್ಟೂ ಮರಾಠಿ ಬರೂದಿಲ್ಲೇನು? ಮರಾಠ್ಯಾಗ 'ಯೇ' ಅಂದ್ರ ಬಾ. 'ಬಾಳ' ಅಂದ್ರ ಕೂಸು. ಯೇ ಬಾಳಾ… ಬಾ ಕಂದಾ. ನಮ್ಮ ಬಾಯಾಗ ಅದು ಹೇಸಿಗಿ ಮಾತು, ಕೇಳಾವ್ರ ಕಿವ್ಯಾಗ ಮುದ್ದಿನ ಮಾತು. ಹುಟ್ಟಿದಾಗಿನಿಂದ ಅಂತೀವಿ, ಒಂದು ದಿನಾ ಹೊಳದಿದ್ದಿಲ್ಲ. ಅಕಿಗೂ ಇಲ್ಲ, ನನಗೂ ಇಲ್ಲ.

ಪ್ರಲ್ಹಾದ ಇದನ್ನೆಲ್ಲಾ ಕೇಳಿ, "ಮೊದಲ ಡಾಕ್ಟರ ಕಡೆ ನಡೀರಿ" ಅಂದ. ಸಾಮಾನು ತುಂಬಿ ಕಾರು ತಗದ. ಹಾದಿ ಒಂದ, ಆಲದ ಗಿಡದ ಮುಂದನ ಹಾಯಬೇಕು. ಗಿಡದ ನೆರಳಿಗೆ ಗಾಲಿ ಬಿದ್ದದ್ದ ತಡ, ಸಾಯಲಿ ವಾಂತಿ ಮಾಡಿಕೊಂಡಿತು. ಮುಂಜಾನಿಂದ ಹೊಟ್ಟ್ಯಾಗ ಏನೂ ಇದ್ದಿಲ್ಲ. ಆದ್ರೂ ಹಳಸಿದ ಅನ್ನಾ ಬಂತು, ಹಸರ ನೀರು ಬಂತು. ಆಮ್ಯಾಲೆ ಒಂದು ಕೂದಲು. ಭಾಮಾ ಅದನ್ನ ಹಿಡದು ಎಳದ್ಲು… ಎಳದಷ್ಟೂ ಬಂತು, ಮೊಳದ ಮ್ಯಾಲ ಮೊಳ. ಸಾಯಲಿಗೆ ಬಾಯ್‌ಕಟ್ ಇತ್ರೀ! ಹುಡುಗಿ ಉಸಿರು ಸಿಕ್ಕಿಕೊಂಡು ನೀಲಿ ಆತು. ಕಾರು ಹಿಂದ ತಗೊಂಡ ಕೂಡ್ಲೆ ಉಸಿರಾಡ್ತು. ಮೂರು ಸಲ ನೋಡಿದ್ರು. ಮೂರು ಸಲಾನೂ ಹಂಗ. ಮೂರನೇ ಸಲ ಹಿಂದಿನ ಸೀಟಿನ ಕೆಳಗ, ಅವರ ಕಾಲ ಹತ್ರ, ಪಚ್ ಪಚ್ ಅಂತಂತ.

ಕಡೀಕ ಸಾವಿತ್ರಿಬಾಯಿನ ಬಂದ್ಲು. ಹುಡುಗಿ ಬಾಯಿ ಮೂಸಿ ನೋಡಿ, ಭಾಮಾಗ ಮರಾಠ್ಯಾಗ ಒಂದ ಕೇಳಿದ್ಲು. "ನೀ ಅದನ್ನ ಕರದೀ?"

ಭಾಮಾ ಹ್ಞೂಂ ಅಂದ್ಲು. ಬ್ಯಾರೆ ಏನನ್ನೋದು?

ಸಾವಿತ್ರಿಬಾಯಿ ಅತ್ತೀ ಅತ್ತೀ ಕಾಲದ್ದಂತ ಅದು. ಯಾರ ಕೂಸೋ ಗೊತ್ತಿಲ್ಲ. ಮೈ ತುಂಬ ಹುಣ್ಣು, ಕೂದಲು ಜಡಿಗಟ್ಟಿ ಕಾಲತನಕಾ. ಆಲದ ಬುಡಕ್ಕ ಬಿದ್ದಿರ್ತಿತ್ತು. ಮಂದಿ ದೂರಿಂದ ಎಂಜಲಾ ಒಗದು "ಹಟ್" ಅಂತಿದ್ರು. ನಾಯಿಗೆ ಅಂದಂಗ. ಯಾರು ಹಾದು ಹೋದ್ರೂ ಹಟ್, ಮುಂದ ಬಂದ್ರ ಹಟ್. ತನ್ನ ಹೆಸರನ 'ಹಟ್' ಅಂತ ತಿಳಕೊಂಡಿತ್ತು ಪಾಪ. ಮಳಿಗಾಲ ಮುಗದ ಮ್ಯಾಲ ಒಂದು ದಿನಾ ಸತ್ತು ಬಿದ್ದಿತ್ತು. ಮುಟ್ಟಲಿಕ್ಕೆ ಹೇಸಿ, ಬಿದಿರು ಗಳದಿಂದ ನೂಕಿ ನೂಕಿ ಬಾವಿಗೆ ಕೆಡವಿದ್ರು. ಕುಡಿಯೂ ಬಾವಿಗೆ! ಆಮ್ಯಾಲೆ ಬ್ಯಾರೆ ಬಾವಿ ತೋಡಿಕೊಂಡ್ರು. ಈಗ ಹೇಳ್ರಿ, ಹೊಲಸು ಯಾರು? ಇದನ್ನ ನೆನಸಿಕೊಂಡ್ರ ನನಗ ಆ ನಾತಕಿಂತ ಹೆಚ್ಚು ಓಕರಿಕಿ ಬರ್ತದ.

"ಇಷ್ಟು ವರ್ಷದಾಗ ಅದಕ್ಕ 'ಯೇ' ಅಂದಾಕಿ ನೀ ಒಬ್ಬಾಕಿನ" ಅಂದ್ಲು ಸಾವಿತ್ರಿಬಾಯಿ. "ಅದು ನಿನ್ನ ಬಿಟ್ಟು ಹೋಗೂದಿಲ್ಲ. ಈಗ ನಿನ್ನ ಮಗಳ ತಾಟಿನ್ಯಾಗ ಎರಡು ಕೂಸು ಉಣ್ಣಾಕತ್ಯಾವ. ಒಂದ ಉಳೀತದ."

"ಓಡಸ್ರಿ ಅದನ್ನ!"

"ಓಡಸಿದ್ರ ಎಲ್ಲಿಗೆ ಓಡ್ತದ? ನಿನ್ನ ಹುಡುಗಿ ಹೊಟ್ಟ್ಯಾಗ ಹೊಕ್ಕು ಕೂಡ್ತದ. ನೀನ ಕರದೀ, ನೀನ ಉಣಸಿ ಕಳಸು. ಮೂಗು ಮುಚ್ಚಬ್ಯಾಡ. ಥೂ ಅನಬ್ಯಾಡ. ಮಾರಿ ಕಿವಚಬ್ಯಾಡ, ಅದಕ್ಕ ಕತ್ತಲ್ಯಾಗೂ ಕಾಣ್ತದ. ಹೊಟ್ಟಿ ತುಂಬಿದ ಮ್ಯಾಲ 'ಜಾ ಬಾಳಾ, ಝೋಪ' ಅನ್ನು. ಹೋಗು ಕಂದಾ, ಮಲಕೋ ಅಂತ. ಅಷ್ಟ."

ಯಾರಿಗೆ ಹೇಳಿದ್ಲು ನೋಡ್ರಿ! ಸ್ವಂತ ಮಗಳ ಎಂಜಲಾ ಮುಟ್ಟದಾಕಿಗೆ.

ಹೊತ್ತು ಮುಳುಗಿತು. ಸಾಯಲಿ ಪ್ರಲ್ಹಾದನ ತೊಡಿ ಮ್ಯಾಲ ಕಣ್ಣು ತೇಲಸಿಕೊಂಡು ಬಿದ್ದಿತ್ತು. ಭಾಮಾ ಸ್ಟೀಲ ಬಟ್ಟಲದಾಗ ಮಸರನ್ನಾ ಕಲಸಿಕೊಂಡು ಒಬ್ಬಾಕಿನ ಹೊಂಟ್ಲು. ಸಾವಿತ್ರಿಬಾಯಿ ಆಲದ ಗಿಡದ ತನಕಾ ಬಂದು ಅಲ್ಲೇ ನಿಂತ್ಲು.

ಬಾವಿ ಎರಡನೇ ಮೆಟ್ಟಲದ ಮ್ಯಾಲ ಕೂತ್ಲು ಭಾಮಾ. ಓಢಣಿ ಸೊಂಟಕ್ಕ ಕಟ್ಟಿಕೊಂಡಿದ್ಲು, ಕೈ ಮೂಗಿಗೆ ಹೋಗಬಾರದು ಅಂತ. ಕತ್ತಲಿ. ನಾತ. ಸುಮ್ಮನ ಕೂತ್ಲು…

ಬುಡುಕ್.

ಪಚ್. ಪಚ್. ಪಚ್.

ತೊಡಿ ಮ್ಯಾಲ ತಣ್ಣಗ ಒಂದು ಭಾರ ಬಂತು. ಎರಡು ವರ್ಷದ ಕೂಸಿನಷ್ಟು. ಕುರ್ತಾ ತೊಯ್ದು ಕಾಲಿಗೆ ಹತ್ತಿಕೊಂಡಿತು. ಅಕಿ ಒಂದು ತುತ್ತು ಮಾಡಿ ಕತ್ತಲ್ಯಾಗ ಮುಂದ ಹಿಡದ್ಲು. ಬೆರಳಿಗೆ ತುಟಿ ಹತ್ತಿದ್ವು… ಸೀಳಿದ ತುಟಿ, ಅಂಟಂಟು. ಲೊಚ್. ಲೊಚ್. ನಾಲಿಗಿ ಬೆರಳಿನ ಸಂದ್ಯಾಗೆಲ್ಲಾ ಆಡಿತಂತ, ಒಂದು ಅಗಳೂ ಬಿಡದಂಗ. ಬೆರಳಿಗೆ ಕೂದಲು ಸುತ್ತಿಕೊಂಡು ಬಾಯಿಗೆ ಅಡ್ಡ ಬಂದ್ವು. ಅಕಿ ಆ ಜಡೀ ಹಿಂದ ಸರಸಿ ಮತ್ತ ತುತ್ತು ಹಿಡದ್ಲು. ಕೂದಲ ಕೆಳಗ ತಲಿ ಮೆತ್ತಗಿತ್ತಂತ. ಹಣ್ಣಾದ ಪಪಾಯಿ ಹಂಗ, ಬೆರಳು ಒತ್ತಿದ್ರ ಒಳಗ ಹೋಗೂ ಹಂಗ.

ಓಕರಿಕಿ ಗಂಟಲತನಕಾ ಬಂದದ್ದನ್ನ ನುಂಗಿದ್ಲಂತ. ಒಂದ ಸಲ ಅಲ್ಲ, ನಾಕು ಸಲ. ನುಂಗಿ ಮತ್ತ ತುತ್ತು ಮಾಡಿದ್ಲು. ಕಣ್ಣೀರು ಸುರೀತಿತ್ತು, ಮಾರಿ ಮಾತ್ರ ಕಿವಚಲಿಲ್ಲ. "ಮನಸ್ಸಿನ್ಯಾಗ ಸಾಯಲಿ ಸಾಯಲಿ ಅಂತಿದ್ದೆ ಅಕ್ಕಾ" ಅಂತಾಳ.

ಬಟ್ಟಲಾ ಬರಿದಾತು. ಅದು ಅಕಿ ಓಢಣಿ ತುದಿ ತಗೊಂಡು ಬಾಯಿ ಒರಸಿಕೊಂಡಿತಂತ. ಎಲ್ಲಾ ಕೂಸುಗಳು ಮಾಡೂ ಹಂಗ. ಆಮ್ಯಾಲೆ ಎದಿಗೆ ತಲಿ ಆನಿಸಿತು.

ಭಾಮಾ ಹೇಳಿದ್ಲು, "ಜಾ ಬಾಳಾ. ಝೋಪ."

ಭಾರ ಇಳೀತು. ಪಚ್… ಪಚ್… ಬುಡುಕ್. ಕಪ್ಪಿ ಒದರ್ಲಿಕ್ಕೆ ಸುರು ಮಾಡಿದ್ವು.

ಇಲ್ಲಿಗೆ ಮುಗದಿದ್ರ ನಾ ಈ ಮಾತು ಹೇಳ್ತಿದ್ದೇ ಇಲ್ಲ. ಅಕಿ ಎದ್ದ್ಲು. ಬಟ್ಟಲಾ ತಗೊಂಡ್ಲು. ಹೊಳ್ಳೂ ಮುಂದ, ರೂಢಿ ಪ್ರಕಾರ ಬಾಯಿಂದ ಬಂದ ಬಿಡ್ತು…

"ಯೇತೇ."

ಅಂದ್ರ, ಬರ್ತೀನಿ. ಮನಿ ಬಿಟ್ಟು ಹೊರಡೂ ಮುಂದ ನಮ್ಮಲ್ಲೂ 'ಹೋಗ್ತೀನಿ' ಅನ್ನೂದಿಲ್ಲ, ಅವರಲ್ಲೂ ಅನ್ನೂದಿಲ್ಲ. ಹದಿನೈದು ವರ್ಷ ಬಾಜೂ ಮನಿಯವರಿಗೆ ಅಂದಂದು ರೂಢಿಯಾದ ಮಾತದು. ಆಲದ ಬುಡದಾಗ ಸಾವಿತ್ರಿಬಾಯಿ ಹಣಿ ಹಣಿ ಬಡಕೊಂಡ್ಲು. ಕೆಳಗ ಬಾವ್ಯಾಗ ಕಪ್ಪಿ ಮತ್ತ ಸುಮ್ಮನಾದ್ವು. ಯಾರೋ ಸಣ್ಣಗ ನಕ್ಕಂಗ ಆತಂತ.

ಖೋಲಿಗೆ ಬಂದ್ರ ಸಾಯಲಿ ಎದ್ದು ಕೂತು ಎರಡನೇ ಭಾಕರಿ ತಿಂತಿತ್ತು. ಜ್ವರಾ ಇಲ್ಲ, ಏನಿಲ್ಲ. ಅರ್ಧಾ ಭಾಕರಿ ಉಳಿಸಿತು. ಭಾಮಾ ಆ ಅರ್ಧಾ ಭಾಕರಿ ತಾನ ತಿಂದ್ಲು. ಪ್ರಲ್ಹಾದ ಕಣ್ಣು ಬಿಟ್ಟುಕೊಂಡು ನೋಡಿದಾ.

ಅವತ್ತಿನಿಂದ ಅಕಿ ಬಾಯಾಗ "ಭಾಳ" ಇಲ್ಲ. 'ತುಂಬಾ' ಅಂತಾಳ, 'ಜಾಸ್ತಿ' ಅಂತಾಳ. ಸಾಯಲಿಗೆ ಮಾತ್ರ ದಿನಾ ಕಂದಾ, ಪುಟ್ಟಾ ಅಂತ ಕರೀತಾಳ. ಬರ್ತೀನಿ ಅಂದಾಕಿ ಹೋಗಲಿಕ್ಕೇ ಬೇಕಲ್ಲಾ? ಪ್ರತಿ ವರ್ಷ ದೀಪಾವಳಿ ಸೂಟಿಗೆ ಹೋಗ್ತಾಳ, ಒಂದು ಬಟ್ಟಲಾ ಮಸರನ್ನಾ ತಗೊಂಡು. ಮಂದಿ ತಿಳಕೋತಾರ, ಏನ ಮಜಾ ಇವರದು, ವರ್ಷಾ ಗುಡ್ಡಕ್ಕ ಹೋಗ್ತಾರ ಅಂತ.

ಹೋದ ವರ್ಷ ನನ್ನನ್ನೂ ಕರಕೊಂಡು ಹೋಗಿದ್ಲು. ಸುಳ್ಳ್ಯಾಕ ಹೇಳ್ಲಿ, ನಾ ಆಲದ ಗಿಡದ ಮುಂದ ಒಂದು ಹೆಜ್ಜಿ ಇಡ್ಲಿಲ್ಲ. ಆ ನಾತಕ್ಕ ಅಲ್ಲೇ ವಾಂತಿ ಮಾಡಿಕೊಂಡೆ. ಕಣ್ಣಿಗೆ ಏನೂ ಕಾಣಲಿಲ್ಲ. ಕಿವಿಗೆ ಕೇಳಿತು. ಲೊಚ್… ಲೊಚ್… ಲೊಚ್. ಮೂರು ದಿನಾ ನನಗ ಅನ್ನಾ ಸೇರಲಿಲ್ಲ, ಆ ಸೀರಿ ಸುಟ್ಟ ಬಿಟ್ಟೆ. ಭಾಮಾ ಹೊಳ್ಳಿ ಬಂದ್ಲು, ಸೊಂಟದಿಂದ ಕೆಳಗ ತೊಯ್ದು ತಪ್ಪಡಿ. ಅಂದ್ಲು, "ಈ ಸಲ ತೊಡಿ ಮ್ಯಾಲ ಹಿಡಸಲಿಲ್ಲಕ್ಕ. ಅದರ ಕಾಲು ಮೆಟ್ಟಲಕ್ಕ ಹತ್ತಿದ್ವು."



ಸೋಮವಾರ ಇಬ್ರೂ ತುಳಶಿಬಾಗ ಪ್ಯಾಟಿಗೆ ಹೋಗಿದ್ವಿ, ದೀಪಾವಳಿ ಖರೀದಿಗೆ. ಸಾಯಲಿಗೊಂದು ಫ್ರಾಕು ತಗೊಂಡ್ಲು. ಆಮ್ಯಾಲೆ ಇನ್ನೊಂದು ಕೇಳಿದ್ಲು, ಸ್ವಲ್ಪ ಸಣ್ಣದು. ಅಂಗಡಿಯವ ವಯಸ್ಸು ಎಷ್ಟು ಅಂದ. ಅಕಿ ನೆಲದಿಂದ ಸೊಂಟದ ತನಕಾ ಕೈ ಹಿಡದು ತೋರಿಸಿದ್ಲು. "ಕಾಟನ್ ಕೊಡ್ರಿ, ಮೆತ್ತಗ ಇರಬೇಕು. ಹುಣ್ಣಿಗೆ ಚುಚ್ಚಬಾರದು" ಅಂದ್ಲು. ಅಕಿಗೆ ಹೇಸಿಗೀನ ಹೋಗೇದ್ರೀ. ನನಗ ಅದರದ ಹೆದರಿಕಿ.

ಹಳದಿ ಫ್ರಾಕು ಆರಿಸಿದ್ವಿ. ಸಾಯಲಿಗೆ ಕಾಣಬಾರದಂತ ನಮ್ಮ ಮನ್ಯಾಗ ಇಟ್ಟೀವಿ, ಗೋದ್ರೇಜ ಕಪಾಟದಾಗ. ಅಂಗಡಿ ಚೀಲಾ ಇನ್ನೂ ಬಿಚ್ಚಿಲ್ಲ. ಕೀಲಿ ಇಲ್ಲೇ ನನ್ನ ಸೊಂಟದಾಗ ಅದ, ನೋಡ್ರಿ. ಸುಳ್ಳು ಅನಸಿದ್ರ ಈಗ ಕೆಳಗ ಬರ್ರಿ, ತಗದು ತೋರಸ್ತೀನಿ. ನಾ ಯಾಕ ಸುಳ್ಳ ಹೇಳ್ಲಿ, ನನಗೇನು ಇದರಾಗ ಸುಖಾ?

ನಿನ್ನೆ ಸಾಯಲಿ ಬಂದಿತ್ತು ನಮ್ಮ ಮನಿಗೆ. ಅಡಗಿ ಮನಿ ಬಾಗಲದಾಗ ನಿಂತು, ಚಪ್ಪಲಿ ಸುದ್ದಾ ಬಿಡಲಿಲ್ಲ. "ಮೌಶಿ" ಅಂತು, "ಹಳದಿ ಯಾಕ ತಂದ್ರಿ? ಅದಕ್ಕ ಕೆಂಪು ಬೇಕಿತ್ತಂತ."

ನಾಳೆ ಬದಲಿ ಮಾಡಿಸ್ಲಿಕ್ಕೆ ಹೋಗೂದದ.